ಪುನಃ ನೋಡಿದಲ್ಲಿ ಗುರುತಿಸಬಲ್ಲೆ

ತರಬೇತಿಯ ನಾಲ್ಕನೆಯ ದಿನ, ಪಾಠ ನಡೆಯುತ್ತಿರುವಾಗಲೇ ಒಬ್ಬ ಮನುಷ್ಯ ಬಾಗಿಲು ತಳ್ಳಿಕೊಂಡು ಒಳಗೆ ಬಂದ. ನೇರವಾಗಿ ಡಾಕ್ಟರ್ ಅನಿತ ಅವರ ಹತ್ತಿರ ಹೋಗಿ, ಯಾರನ್ನು ಕೇಳಿ ಈ ಕೋಣೆ ತೆಗೆದುಕೊಂಡಿರಿ ಎಂದು ಜಗಳ ತೆಗೆದ. ಮೇಜಿನ ಮೇಲಿದ್ದ ಕಾಗದಗಳನ್ನು ಕೈಯಿಂದ ಸವರಿ ಕೆಳಗೆ ಬೀಳಿಸಿದ. ಮುಂದಿನ ಸಾಲಿನ ಇಬ್ಬರು ಎದ್ದು ನಿಲ್ಲುವಷ್ಟರಲ್ಲಿ ಹೊರಟೇ ಹೋದ. ಎಲ್ಲ ಸೇರಿ ಒಂದು ನಿಮಿಷವೂ ಆಗಿರಲಿಲ್ಲ.

ತರಗತಿಯಲ್ಲಿದ್ದವರು ನಲವತ್ತು ಜನ, ಎಲ್ಲರೂ ಬೇರೆ ಬೇರೆ ಜಿಲ್ಲೆಗಳ ಸಬ್ ಇನ್ಸ್‌ಪೆಕ್ಟರುಗಳು. ಅನಿತ ಅವರು ಮನಃಶಾಸ್ತ್ರದ ಪ್ರಾಧ್ಯಾಪಕಿ. ಸಾಕ್ಷಿಗಳನ್ನು ಹೇಗೆ ಮಾತಾಡಿಸಬೇಕು ಎಂದು ಪೊಲೀಸರಿಗೆ ಕಲಿಸಲು ಬಂದಿದ್ದವರು. ಅವರು ಕಾಗದಗಳನ್ನು ಆರಿಸಿಕೊಂಡು, ಏನೂ ಆಗದವರಂತೆ ಎಲ್ಲರಿಗೂ ಒಂದೊಂದು ಹಾಳೆ ಹಂಚಿದರು. ಬಂದವನ ಬಗ್ಗೆ ಹತ್ತು ಪ್ರಶ್ನೆ. ಆರನೆಯದು, ಅವನ ಹೆಗಲಲ್ಲಿದ್ದ ಬ್ಯಾಗಿನ ಬಣ್ಣ ಯಾವುದು ಎಂಬುದು.

ಆ ನಲವತ್ತರಲ್ಲಿ ಒಬ್ಬಳಾದ ವಾಣಿಶ್ರೀ ನೀಲಿ ಎಂದು ಬರೆದಳು. ಬರೆಯುವಾಗ ಆ ಬ್ಯಾಗು ಅವಳಿಗೆ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು. ಅದರ ಪಟ್ಟಿ ಮಾಸಿತ್ತು, ಜಿಪ್ಪು ಅರ್ಧ ತೆರೆದಿತ್ತು.

ಆಮೇಲೆ ಅನಿತ, ಜಗಳ ತೆಗೆದವನು ತಾವೇ ಕರೆಸಿದವನು ಎಂದು ಹೇಳಿ, ಕ್ಯಾಮೆರಾದಲ್ಲಿ ಹಿಡಿದದ್ದನ್ನು ಪರದೆಯ ಮೇಲೆ ತೋರಿಸಿದರು. ಅವನ ಹೆಗಲಲ್ಲಿ ಬ್ಯಾಗು ಇರಲೇ ಇಲ್ಲ. ನಲವತ್ತರಲ್ಲಿ ಇಪ್ಪತ್ತಾರು ಜನ ಇಲ್ಲದ ಬ್ಯಾಗಿಗೆ ಬಣ್ಣ ಕೊಟ್ಟಿದ್ದರು. ತರಗತಿಯೆಲ್ಲ ನಕ್ಕಿತು. ನಗು ಅಡಗಿದ ಮೇಲೆ ಅನಿತ ಹೇಳಿದರು, ನೀವ್ಯಾರೂ ಸುಳ್ಳು ಬರೆಯಲಿಲ್ಲ. ಬ್ಯಾಗನ್ನು ಕೊಟ್ಟವಳು ನಾನು, ನನ್ನ ಪ್ರಶ್ನೆಯಲ್ಲಿ ಅದು ಬಂತು, ನಿಮ್ಮ ನೆನಪು ಅದನ್ನು ಇಸಿದುಕೊಂಡಿತು.

ವಾಣಿಶ್ರೀಗೆ ನಗಲು ಆಗಿರಲಿಲ್ಲ. ಅವಳಿಗೆ ಆಸ್ಪತ್ರೆಯ ಒಂದು ವರಾಂಡ ನೆನಪಿಗೆ ಬಂದಿತ್ತು.

ಅದು ಎಂಟು ತಿಂಗಳ ಹಿಂದಿನ ಮಾತು. ಮಾಲೂರು ಕಡೆಯ ಹುಡುಗಿ ವಾಣಿಶ್ರೀ, ಮುಳಬಾಗಿಲು ತಾಲ್ಲೂಕಿನ ಒಂದು ಠಾಣೆಗೆ ಬಂದು ಆಗ ನಾಲ್ಕೇ ತಿಂಗಳಾಗಿತ್ತು. ಫೆಬ್ರವರಿಯ ಒಂದು ಮಧ್ಯಾಹ್ನ ದೇವರಾಯಸಮುದ್ರದ ಕೆರೆಕಟ್ಟೆಯ ಮೇಲೆ ಬೈಕಿನಲ್ಲಿ ಬಂದ ಇಬ್ಬರು ಶ್ಯಾಮಲಮ್ಮ ಎಂಬ ಹೆಂಗಸಿನ ಕತ್ತಿನ ಸರ ಕಿತ್ತುಕೊಂಡು ಹೋದರು. ಎಳೆದ ರಭಸಕ್ಕೆ ಆಕೆ ಕಟ್ಟೆಯ ಕಲ್ಲಿನ ಮೇಲೆ ಬಿದ್ದು ತಲೆ ಒಡೆಯಿತು. ಮೂರನೆಯ ದಿನ ಕೋಲಾರದ ಆಸ್ಪತ್ರೆಯಲ್ಲಿ ಜೀವ ಹೋಯಿತು. ಜೊತೆಯಲ್ಲಿದ್ದವಳು ಸೊಸೆ ಮುನಿಲಕ್ಷ್ಮಿ ಒಬ್ಬಳೇ. ನರಸಾಪುರದ ಒಂದು ಕಾರ್ಖಾನೆಯಲ್ಲಿ ಬೆಳಗಿನ ಪಾಳಿ ಮುಗಿಸಿ, ಕಂಪನಿ ಬಸ್ಸಿಳಿದು ಅತ್ತೆಯ ಜೊತೆ ಮನೆಗೆ ನಡೆದು ಬರುತ್ತಿದ್ದಳು. ಬೇರೆ ಒಂದು ನರಪಿಳ್ಳೆಯೂ ಅಲ್ಲಿರಲಿಲ್ಲ.

ಊರಿನವರು ಠಾಣೆಯ ಮುಂದೆ ಬಂದು ಕೂತಿದ್ದರು. ಮೇಲಿನಿಂದ ದಿನಕ್ಕೆ ನಾಲ್ಕು ಸಲ ಫೋನು ಬರುತ್ತಿತ್ತು. ಹಳೆಯ ಆರೋಪಿಗಳ ಫೋಟೋಗಳನ್ನು ತಿರುವಿ ಹಾಕುವಾಗ ಸಿಕ್ಕಿದವನು ಅಮ್ಜದ್. ಮುಳಬಾಗಿಲು ಪೇಟೆಯಲ್ಲಿ ಬೋರ್‌ವೆಲ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿ ವೈಂಡಿಂಗ್ ಕಟ್ಟುವ ಸಣ್ಣ ಅಂಗಡಿ ಅವನದು. ಐದು ವರ್ಷದ ಹಿಂದೆ ಕದ್ದ ಬೈಕೊಂದನ್ನು ಗೊತ್ತಿಲ್ಲದೆ ಕೊಂಡು ಕೇಸಿಗೆ ಸಿಕ್ಕಿ, ಖುಲಾಸೆಯಾಗಿದ್ದ. ಫೋಟೋ ಮಾತ್ರ ಠಾಣೆಯಲ್ಲಿ ಉಳಿದುಕೊಂಡಿತ್ತು. ವಾಣಿಶ್ರೀ ಅದನ್ನು ತನ್ನ ಮೊಬೈಲಿನಲ್ಲಿ ಹಿಡಿದುಕೊಂಡು ಆಸ್ಪತ್ರೆಗೆ ಹೋದಳು. ಅತ್ತೆಯ ಹೆಣ ಇನ್ನೂ ಕೈಗೆ ಸಿಗದೆ ವರಾಂಡದ ಗೋಡೆಗೆ ಒರಗಿ ಕುಳಿತಿದ್ದ ಮುನಿಲಕ್ಷ್ಮಿಯ ಮುಖದ ಮುಂದೆ ಮೊಬೈಲು ಹಿಡಿದು ಕೇಳಿದ್ದಳು:

"ಸರಿಯಾಗಿ ನೋಡಮ್ಮ. ಇವನೇ ತಾನೆ?"

ಮುನಿಲಕ್ಷ್ಮಿ ಬಹಳ ಹೊತ್ತು ನೋಡಿದಳು. ಆಮೇಲೆ ತೆಲುಗಿನಲ್ಲಿ, ಇವನೇ ಇರಬಹುದೇನೋ ಎಂದಳು. ಠಾಣೆಗೆ ಬಂದ ಮೇಲೆ ಹೆಡ್ ಕಾನ್‌ಸ್ಟೆಬಲ್ ದೊಡ್ಡಮುನಿಯಪ್ಪ ಆ ಮಾತನ್ನು ಇಪ್ಪತ್ತು ವರ್ಷದಿಂದ ಪಳಗಿದ ತನ್ನ ಕನ್ನಡದಲ್ಲಿ ಬರೆದ. 'ಸದರಿ ಆಸಾಮಿಯ ಮುಖವನ್ನು ನಾನು ಸ್ಪಷ್ಟವಾಗಿ ನೋಡಿರುತ್ತೇನೆ. ಪುನಃ ನೋಡಿದಲ್ಲಿ ಗುರುತಿಸಬಲ್ಲೆ.' ಆ ಠಾಣೆಯಲ್ಲಿ ಯಾವ ಸಾಕ್ಷಿಯ ಹೇಳಿಕೆಯೂ ಈ ಎರಡು ವಾಕ್ಯವಿಲ್ಲದೆ ಮುಗಿದದ್ದಿಲ್ಲ. ವಾಣಿಶ್ರೀ ಓದಿ ಸಹಿ ಹಾಕಿದಳು. ಹದಿನೈದು ದಿನದ ಮೇಲೆ ಗುರುತು ಹಿಡಿಯುವ ಪರೇಡಿಗೆಂದು ತಹಸೀಲ್ದಾರರ ಮುಂದೆ ಎಂಟು ಜನರನ್ನು ಸಾಲಾಗಿ ನಿಲ್ಲಿಸಿದಾಗ ಮುನಿಲಕ್ಷ್ಮಿ ತಡವರಿಸದೆ ಅಮ್ಜದನನ್ನು ಮುಟ್ಟಿ ತೋರಿಸಿದಳು. ಸರ ಸಿಗಲಿಲ್ಲ, ಬೈಕು ಸಿಗಲಿಲ್ಲ, ಎರಡನೆಯವನು ಸಿಗಲಿಲ್ಲ. ಆದರೂ ದೋಷಾರೋಪ ಪಟ್ಟಿ ನ್ಯಾಯಾಲಯಕ್ಕೆ ಹೋಯಿತು. ಅಮ್ಜದ್ ಅಂದಿನಿಂದ ಜೈಲಿನಲ್ಲೇ ಇದ್ದ.

ತರಬೇತಿಯ ಉಳಿದ ದಿನಗಳಲ್ಲಿ ವಾಣಿಶ್ರೀ ಒಂದು ಮಾತೂ ಬಿಡದೆ ಬರೆದುಕೊಂಡಳು. ಸಾಕ್ಷಿಯನ್ನು ಆ ದಿನಕ್ಕೆ, ಆ ಜಾಗಕ್ಕೆ ಮನಸ್ಸಿನಲ್ಲಿ ಕರೆದುಕೊಂಡು ಹೋಗಿ ಬಿಡಬೇಕು. ಬಿಸಿಲು, ಸದ್ದು, ವಾಸನೆ, ಆಗ ಮನಸ್ಸಿನಲ್ಲಿದ್ದ ಯೋಚನೆ, ಏನು ಬಂದರೂ ಹೇಳಲು ಬಿಡಬೇಕು. ನಡುವೆ ಬಾಯಿ ಹಾಕಬಾರದು. ಸುಮ್ಮನಾದರೆ ಸುಮ್ಮನೆ ಕಾಯಬೇಕು. ಮೊದಲಿಂದ ಕೊನೆಗೆ ಹೇಳಿದ ಮೇಲೆ ಕೊನೆಯಿಂದ ಮೊದಲಿಗೂ ಕೇಳಬೇಕು. ಅವರ ಮಾತಿನಲ್ಲಿ ಬಾರದ ಒಂದು ವಸ್ತುವನ್ನೂ ಪ್ರಶ್ನೆಯಲ್ಲಿ ತರಬಾರದು. ಕೊನೆಯ ದಿನ ಅವಳು ಅನಿತ ಅವರನ್ನು ಪಕ್ಕಕ್ಕೆ ಕರೆದು, ಒಂದೇ ಫೋಟೋ ತೋರಿಸಿದ ಸಾಕ್ಷಿಗೆ ಈಗ ಹೀಗೆಲ್ಲ ಕೇಳಿದರೆ ನಿಜ ಬರುತ್ತದೆಯೇ ಎಂದಳು. ಬರಲಿಕ್ಕಿಲ್ಲ ಎಂದರು ಅವರು. ಮುಖದ ನೆನಪಿನ ಮೇಲೆ ಫೋಟೋ ಕೂತುಬಿಟ್ಟಿರುತ್ತದೆ, ಈಗ ಅದನ್ನು ಬಿಡಿಸಿ ತೆಗೆಯಲು ಆಗದು. ಆದರೆ ಮುಖವೊಂದೇ ನೆನಪಲ್ಲವಲ್ಲ, ಸುತ್ತಲಿನದನ್ನು ಕೇಳಿ ನೋಡಿ ಎಂದರು.

ಠಾಣೆಯ ಇನ್ಸ್‌ಪೆಕ್ಟರ್ ಉಮಾಶಂಕರ್ ಕೆಟ್ಟ ಮನುಷ್ಯನಲ್ಲ. ಆದರೆ ಮುಗಿದ ಫೈಲು ಮತ್ತೆ ಬಿಚ್ಚುವುದೆಂದರೆ ಅವರಿಗೆ ಹುಳಿ ತೇಗು ಬರುತ್ತಿತ್ತು. ನ್ಯಾಯಾಲಯಕ್ಕೆ ತಿಳಿಸಿ ಮುಂದಿನ ತನಿಖೆ ನಡೆಸಲು ಕಾನೂನಿನಲ್ಲಿ ಜಾಗವಿದೆ ಎಂದು ವಾಣಿಶ್ರೀ ಎರಡು ದಿನ ಹಿಂದೆ ಮುಂದೆ ಸುತ್ತಿದ ಮೇಲೆ, ಎರಡನೆಯ ಆರೋಪಿಯ ಪತ್ತೆಗಾಗಿ ಎಂದು ಬರೆದುಕೊಂಡು ಹೋಗು ಎಂದರು.

ಅಕ್ಟೋಬರಿನ ಒಂದು ಭಾನುವಾರ ಅವಳು ಸಮವಸ್ತ್ರ ಬಿಟ್ಟು ಚೂಡಿದಾರ ಹಾಕಿಕೊಂಡು, ಒಬ್ಬ ಮಹಿಳಾ ಪೇದೆಯನ್ನು ಕರೆದುಕೊಂಡು ದೇವರಾಯಸಮುದ್ರಕ್ಕೆ ಹೋದಳು. ಮುನಿಲಕ್ಷ್ಮಿಯ ಗಂಡ ಕದಿರೇಶ್ ಪಂಚಾಯಿತಿಯಲ್ಲಿ ನೀರು ಬಿಡುವ ಕೆಲಸದವನು. ಅವನು ಕುರ್ಚಿ ಹಾಕಿ, ಟೀ ತರಿಸಿ, ಆ ನನ್ಮಗನಿಗೆ ಯಾವಾಗ ಶಿಕ್ಷೆ ಆಗುತ್ತದೆ ಎಂದು ಕೇಳಿದ. ಅವನ ಮುಂದೆ ಮುನಿಲಕ್ಷ್ಮಿ ಪಾಠ ಒಪ್ಪಿಸಿದ ಹಾಗೆ ಹಳೆಯ ಹೇಳಿಕೆಯನ್ನೇ ಹೇಳಿದಳು. ಅತ್ತಮ್ಮನ ಕೈ ಹಿಡಿದುಕೊಂಡಿದ್ದೆ, ಎದುರಿಗೆ ಬೈಕು ಬಂತು, ಹಿಂದೆ ಕೂತವನ ಮುಖ ಸ್ಪಷ್ಟವಾಗಿ ನೋಡಿದೆ. 'ಸ್ಪಷ್ಟವಾಗಿ' ಎಂಬ ಮಾತು ಅವಳ ಬಾಯಲ್ಲಿ ದೊಡ್ಡಮುನಿಯಪ್ಪನ ದನಿಯಲ್ಲಿ ಬಂದಂತಾಯಿತು. ಇದು ತಾವೇ ಬರೆದುಕೊಟ್ಟದ್ದು ಎಂದು ವಾಣಿಶ್ರೀಗೆ ಅನ್ನಿಸಿತು.

"ಅಕ್ಕ, ಕಟ್ಟೆ ತನಕ ಹೋಗಿ ಬರೋಣ್ವಾ? ನಾವು ಹೆಂಗಸರೇ ಮೂರು ಜನ" ಎಂದಳು.

ಕಟ್ಟೆಯ ಮೇಲೆ ಒಂದು ಹೊಂಗೆ ಮರದ ನೆರಳಿನಲ್ಲಿ ಕೂತರು. ಪೇದೆ ಸ್ವಲ್ಪ ದೂರದಲ್ಲಿ ಕೂತಳು. ಗಂಟೆ ಮೂರೂವರೆ, ಅಂದು ಘಟನೆ ನಡೆದದ್ದೂ ಇದೇ ಹೊತ್ತಿಗೆ. ಕೆರೆಯಲ್ಲಿ ಅರ್ಧ ನೀರಿತ್ತು. ವಾಣಿಶ್ರೀ ಪುಸ್ತಕ ತೆಗೆಯಲಿಲ್ಲ. ನಾನು ಅವತ್ತು ಇಲ್ಲಿರಲಿಲ್ಲ, ಇದ್ದವಳು ನೀನು. ಹಾಗಾಗಿ ಮಾತಾಡುವವಳು ನೀನು, ಕೇಳುವವಳು ನಾನು ಎಂದು ತೆಲುಗಿನಲ್ಲಿ ಹೇಳಿದಳು. ವಾಣಿಶ್ರೀಯ ಮನೆಮಾತೂ ಅದೇ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಬಹುದು, ಊಹೆ ಮಾಡಬೇಕಾಗಿಲ್ಲ. ಬೇಕಿದ್ದರೆ ಕಣ್ಣು ಮುಚ್ಚಿಕೋ. ಬಸ್ಸಿಳಿದಲ್ಲಿಂದ ಶುರು ಮಾಡು.

ಮುನಿಲಕ್ಷ್ಮಿ ಕಣ್ಣು ಮುಚ್ಚಿದಳು. ಮೊದಮೊದಲು ತುಂಡು ತುಂಡಾಗಿ ಬಂತು. ಕಾಲು ನೋಯುತ್ತಿತ್ತು. ಎಂಟು ಗಂಟೆ ನಿಂತೇ ಕೆಲಸ. ಬಸ್ಸಿನಲ್ಲಿ ಎಸಿ ಇದ್ದು, ಇಳಿದ ತಕ್ಷಣ ಬಿಸಿಲು ಮುಖಕ್ಕೆ ಹೊಡೆಯಿತು. ಅತ್ತಮ್ಮ ಎಂದಿನ ಹಾಗೆ ಬಸ್ ಸ್ಟಾಪಿನಲ್ಲಿ ಕೊಡೆ ಹಿಡಿದು ನಿಂತಿದ್ದಳು. ಅಲ್ಲಿಗೆ ಮಾತು ನಿಂತಿತು.

ವಾಣಿಶ್ರೀ ಕಾದಳು. ಆಮೇಲೆ ಏನಾಯಿತು ಎಂದು ಕೇಳಲು ನಾಲಗೆಯ ತುದಿಗೆ ಬಂದದ್ದನ್ನು ನುಂಗಿದಳು. ಎಷ್ಟು ಹೊತ್ತು ಎಂದು ಅವಳಿಗೆ ತಿಳಿಯದು. ಕಟ್ಟೆಯ ಕೆಳಗಿನ ತೋಟದಲ್ಲಿ ಯಾರೋ ಟೊಮೆಟೊ ಕ್ರೇಟುಗಳನ್ನು ಒಂದರ ಮೇಲೊಂದು ಎತ್ತಿ ಹಾಕುವ ಸದ್ದು ಕೇಳಿ ಬರುತ್ತಿತ್ತು.

"ದಿನಾ ಬಂದು ನಿಂತ್ಕೊತಿದ್ಲು" ಎಂದಳು ಮುನಿಲಕ್ಷ್ಮಿ, ಈಗ ಕನ್ನಡದಲ್ಲಿ. "ಬಿಸ್ಲು ಅಂತ ಬರ್ತಾಳೋ, ಯಾರ್ ಜೊತೆ ಇಳೀತೀನಿ ಅಂತ ನೋಡಕ್ಕೆ ಬರ್ತಾಳೋ ನಂಗೆ ಗೊತ್ತಾಗ್ತಿರ್ಲಿಲ್ಲ."

ಅವತ್ತು ಕೆಲಸ ಬಿಡು ಎಂದು ಅತ್ತೆ ಮಾತು ತೆಗೆದಳಂತೆ. ಮುಂದಿನ ವಾರದಿಂದ ಮುನಿಲಕ್ಷ್ಮಿಗೆ ಎರಡನೆಯ ಪಾಳಿ ಬಿದ್ದಿತ್ತು, ಮನೆ ಸೇರುವಾಗ ಕತ್ತಲಾಗುತ್ತದೆ. ಮಾತಿಗೆ ಮಾತು ಬೆಳೆಯಿತು. ನೀನು ಇರುವುದರಿಂದಲೇ ನನಗೆ ಮನೆಗೆ ಬರಲು ಮನಸ್ಸಾಗುವುದಿಲ್ಲ ಎಂದು ಮುನಿಲಕ್ಷ್ಮಿ ಅಂದುಬಿಟ್ಟಳು. ಅಂದು, ಕೈ ಬಿಡಿಸಿಕೊಂಡು, ಬಿರಬಿರನೆ ಮುಂದೆ ನಡೆದಳು. ಹಿಂದಿನಿಂದ ಅತ್ತೆ ಎರಡು ಸಲ ಕೂಗಿದಳು. ಬೈಕಿನ ಸದ್ದು ಬಂತು. ಇವಳು ತಿರುಗಲಿಲ್ಲ. ಮೂರನೆಯ ಸಲದ ಕೂಗು ಬೇರೆ ಥರ ಇತ್ತು.

"ನೇನು ಚೂಡಲೇದು ಮೇಡಂ" ಎಂದಳು. ನಾನು ನೋಡಲಿಲ್ಲ ಎಂದು. ಕಣ್ಣು ಇನ್ನೂ ಮುಚ್ಚಿಯೇ ಇತ್ತು. "ಯಾವ ಮುಖಾನೂ ನೋಡ್ಲಿಲ್ಲ. ತಿರುಗೋ ಹೊತ್ಗೆ ಅವರು ಗಾಡಿ ತಿರುಗಿಸ್ಕೊಂಡು ಬಂದ ದಾರೀಲೇ ಹೊರಟಿದ್ರು. ಬೆನ್ನು ಅಷ್ಟೇ ನೋಡಿದ್ದು."

ವಾಣಿಶ್ರೀ ಕಲಿತದ್ದನ್ನು ಬಿಡಲಿಲ್ಲ. ಈಗ ಕೊನೆಯಿಂದ ಹಿಂದಕ್ಕೆ ಬಾ ಎಂದಳು. ಮುನಿಲಕ್ಷ್ಮಿ ಹಿಂದಕ್ಕೆ ಬಂದಳು. ಧೂಳು. ಅದಕ್ಕೂ ಮೊದಲು ಹಿಂದೆ ಕೂತವನ ಬೆನ್ನು. ಅದಕ್ಕೂ ಮೊದಲು ಅವನ ಒಂದು ಚಪ್ಪಲಿ ಬಿತ್ತು. ಇಳಿದು, ತಲೆ ಬಗ್ಗಿಸಿಯೇ ಎತ್ತಿಕೊಂಡ, ಮುಖ ಕಾಣಲಿಲ್ಲ. ಎತ್ತಿಕೊಂಡು ಬೈಕಿನ ಹತ್ತಿರ ಓಡುವಾಗ ಒಂದು ಕಾಲು ಎಳೆದು ಹಾಕುತ್ತಿದ್ದ. ಎಡಗಾಲು. ಇದನ್ನು ಹೇಳಿದ ಮೇಲೆ ಅವಳೇ ಕಣ್ಣು ತೆರೆದು, ಇದು ನನಗೆ ಇಷ್ಟು ದಿನ ನೆನಪೇ ಇರಲಿಲ್ಲ ಎಂದು ಬೆರಗಾಗಿ ನೋಡಿದಳು.

ಅಮ್ಜದನ ಕಾಲುಗಳು ಸರಿಯಾಗಿಯೇ ಇದ್ದವು.

ಫೋಟೋ ನೋಡಿ ಯಾಕೆ ಹೌದು ಅಂದೆ ಎಂದು ವಾಣಿಶ್ರೀ ಕೇಳಬೇಕಾಗಿ ಬರಲಿಲ್ಲ. ಅವಳೇ ಹೇಳಿದಳು.

"ನೋಡಿಲ್ಲ ಅಂದ್ರೆ, ಎಲ್ಲಿದ್ದೆ ನೀನು ಅಂತ ಕೇಳ್ತಾರೆ. ಅತ್ತೇನ ಬಿಟ್ಟು ಹೋದೆ ಅಂತ ಗೊತ್ತಾಗುತ್ತೆ. ನೀವು ಇವನೇ ತಾನೆ ಅಂದ್ರಿ. ಪೊಲೀಸ್ನೋರಿಗೆ ಗೊತ್ತಿರುತ್ತೆ ಅನ್ಕೊಂಡೆ. ಆಮೇಲಾಮೇಲೆ ನಂಗೆ ಅವನ ಮುಖಾನೇ ಕಾಣಕ್ಕೆ ಶುರುವಾಯ್ತು. ಪರೇಡಲ್ಲಿ ತೋರಿಸ್ದಾಗ ನಿಜ್ವಾಗ್ಲೂ ಅವನೇ ಅನ್ನಿಸ್ತು."

ವಾಣಿಶ್ರೀ ಅವಳ ಕೈ ಹಿಡಿದುಕೊಂಡಳು. ತಪ್ಪು ನಿನ್ನೊಬ್ಬಳದಲ್ಲ ಎಂದು ಹೇಳಬೇಕೆಂದಿದ್ದಳು. ಆದರೆ ಹಾಗೆ ಹೇಳಿದರೆ ತನಗೇ ಸಮಾಧಾನ ಹೇಳಿಕೊಂಡಂತಾಗುತ್ತದೆ ಅನ್ನಿಸಿತು. ಆಮೇಲೆ, ಇದನ್ನೆಲ್ಲ ಬರೆದುಕೊಳ್ಳಬೇಕಾಗುತ್ತದೆ, ಮನೆಯಲ್ಲೂ ಗೊತ್ತಾಗುತ್ತದೆ ಎಂದು ಇದ್ದದ್ದು ಇದ್ದ ಹಾಗೆ ತಿಳಿಸಿದಳು. ಮುನಿಲಕ್ಷ್ಮಿ, ಗಂಡನಿಗೆ ನಾನೇ ಹೇಳುತ್ತೇನೆ, ಬೇರೆಯವರ ಬಾಯಿಂದ ಬೇಡ ಎಂದಳು.

ಹೇಳಿದಳು ಕೂಡ. ಅಂಗಳದಲ್ಲಿ ನಿಂತು, ವಾಣಿಶ್ರೀಯ ಎದುರಿಗೇ ಹೇಳಿದಳು. ಕದಿರೇಶ್ ಕೂಗಾಡಲಿಲ್ಲ. ಕೇಳಿ ಮುಗಿಸಿ, ಖಾಲಿ ಟೀ ಲೋಟಗಳನ್ನು ತಾನೇ ಎತ್ತಿಕೊಂಡು ಒಳಗೆ ಹೋದ. ಮತ್ತೆ ಬಾಗಿಲಿಗೆ ಬಂದು ನಿಂತ.

"ಅವತ್ತೇ ಹೇಳಿದ್ರೆ ನಾನೇನ್ ನಿನ್ನ ಕೊಂದುಬಿಡ್ತಿದ್ನೇನೇ?" ಎಂದ.



ಹೊಸ ಹೇಳಿಕೆಯನ್ನು ವಾಣಿಶ್ರೀ ತಾನೇ ಬರೆದಳು. ಮುನಿಲಕ್ಷ್ಮಿ ತೆಲುಗಿನಲ್ಲಿ ಹೇಳಿದ್ದನ್ನು ತೆಲುಗಿನಲ್ಲೇ, ಕನ್ನಡ ಅಕ್ಷರದಲ್ಲಿ ಬರೆದು, ಕೆಳಗೆ ಕನ್ನಡದಲ್ಲಿ ಅದರ ಅರ್ಥ ಕೊಟ್ಟಳು. ಅದರ ಜೊತೆಗೆ ತನ್ನದೊಂದು ವರದಿ ಸೇರಿಸಿದಳು: ಇಂಥ ದಿನ, ಆಸ್ಪತ್ರೆಯ ವರಾಂಡದಲ್ಲಿ, ಸಾಕ್ಷಿಗೆ ಒಂದೇ ಒಂದು ಫೋಟೋವನ್ನು ನನ್ನ ಮೊಬೈಲಿನಲ್ಲಿ ತೋರಿಸಿ, ಇವನೇ ತಾನೆ ಎಂದು ಕೇಳಿದವಳು ನಾನು. ಉಮಾಶಂಕರ್ ಅದನ್ನು ಓದಿ ಕನ್ನಡಕ ತೆಗೆದಿಟ್ಟರು.

"ಸಾಕ್ಷಿ ಹೇಳಿಕೆ ಬದಲಾಯಿಸಿದ್ಲು ಅಂತ ಬರಿ, ಸಾಕು. ನೀನು ಫೋಟೋ ತೋರಿಸಿದ್ದನ್ನ ಯಾಕಮ್ಮ ಬರೀತೀಯ? ನಿನ್ನ ಸರ್ವೀಸು ಇನ್ನೂ ಮೂವತ್ತು ವರ್ಷ ಇದೆ."

"ಅದನ್ನ ಬರೀದೆ ಇದ್ರೆ ಆ ಹೆಂಗಸು ಬೇಕು ಅಂತಾನೇ ಸುಳ್ಳು ಹೇಳಿದಂಗೆ ಆಗುತ್ತೆ ಸರ್."

"ಹೇಳಿಲ್ವಾ ಮತ್ತೆ?"

"ಅರ್ಧ ಹೇಳಿದ್ಲು. ಇನ್ನರ್ಧ ನಾನು ಹೇಳಿಸ್ದೆ."

ಉಮಾಶಂಕರ್ ಆ ಹಾಳೆಯನ್ನು ಎರಡು ದಿನ ತಮ್ಮ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದರು. ಮೂರನೆಯ ದಿನ ಸಹಿ ಹಾಕಿ ಕಳಿಸಿದರು. ದೊಡ್ಡಮುನಿಯಪ್ಪ ಒಂದು ವಾರ ಅವಳ ಮುಖ ನೋಡಲಿಲ್ಲ. ಆಮೇಲೊಂದು ಮಧ್ಯಾಹ್ನ ಬಂದು, ಆ ಎರಡು ವಾಕ್ಯವನ್ನು ನಾನು ಎಷ್ಟು ಜನರ ಹೇಳಿಕೆಯಲ್ಲಿ ಬರೆದಿದ್ದೇನೋ ಲೆಕ್ಕವಿಲ್ಲ ಮೇಡಂ ಎಂದು ಹೇಳಿ, ಇವಳು ಏನಾದರೂ ಅನ್ನುವ ಮೊದಲೇ ಹೋಗಿಬಿಟ್ಟ.

ನವೆಂಬರಿನಲ್ಲಿ ಅಮ್ಜದನಿಗೆ ಜಾಮೀನು ಸಿಕ್ಕಿತು. ಜನವರಿಯಲ್ಲಿ ನ್ಯಾಯಾಲಯ ಅವನನ್ನು ಆರೋಪದಿಂದ ಬಿಡುಗಡೆ ಮಾಡಿತು. ಎಡಗಾಲು ಎಳೆದು ಹಾಕುವವನನ್ನು ಹುಡುಕಿಕೊಂಡು ವಾಣಿಶ್ರೀ ಶ್ರೀನಿವಾಸಪುರದ ಆಚೆ ರಾಯಲ್ಪಾಡಿನವರೆಗೆ, ಅಲ್ಲಿಂದ ಆಂಧ್ರದ ಗಡಿಯ ಎರಡು ಠಾಣೆಗಳವರೆಗೆ ಹೋಗಿ ಬಂದಳು. ಮೂರು ಹೆಸರು ಸಿಕ್ಕಿದವು. ಒಬ್ಬ ಸತ್ತುಹೋಗಿದ್ದ, ಒಬ್ಬ ಆ ದಿನ ಬೇರೆ ಜೈಲಿನಲ್ಲಿದ್ದ, ಮೂರನೆಯವನದು ಬಲಗಾಲು. ಶ್ಯಾಮಲಮ್ಮನ ಸರ ಕಿತ್ತವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಮುನಿಲಕ್ಷ್ಮಿ ಮನೆ ಬಿಟ್ಟು ನರಸಾಪುರದಲ್ಲಿ ಕೆಲಸದ ಹೆಂಗಸರು ಇರುವ ಒಂದು ಬಾಡಿಗೆ ಕೋಣೆಯಲ್ಲಿದ್ದಾಳೆ. ಕದಿರೇಶ್ ಹೋಗು ಅಂದಿರಲಿಲ್ಲ. ಇರು ಅಂತಲೂ ಅಂದಿರಲಿಲ್ಲ. ವಾಣಿಶ್ರೀಯ ಮೇಲೆ ಇಲಾಖಾ ವಿಚಾರಣೆ ಶುರುವಾಗಿ, ಅವಳನ್ನು ದೂರದ ಬೇರೆ ಜಿಲ್ಲೆಗೆ ವರ್ಗ ಮಾಡಿದರು.

ಹೊರಡುವ ಮುನ್ನ ಅವಳು ಅಮ್ಜದನ ಅಂಗಡಿಗೆ ಹೋದಳು. ಹೋಗಬಾರದೆಂದು ವಿಚಾರಣೆಗಾಗಿ ಅವಳು ಹಿಡಿದಿದ್ದ ವಕೀಲರೂ ಹೇಳಿದ್ದರು, ಉಮಾಶಂಕರರೂ ಹೇಳಿದ್ದರು. ಅಂಗಡಿಯ ಅರ್ಧ ಬಾಗಿಲು ಮಾತ್ರ ತೆರೆದಿತ್ತು. ಅಮ್ಜದನ ತಾಯಿ ಶರೀಫುನ್ನೀಸಾ ಹೊಸ್ತಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ಮಗ ಜೈಲಿನಲ್ಲಿದ್ದಾಗ ಪ್ರತಿ ಶುಕ್ರವಾರ ಠಾಣೆಗೆ ಬಂದು, ಆ ದಿನ ತಾಮ್ರದ ತಂತಿ ತರಲು ಅವನು ಕೋಲಾರಕ್ಕೆ ಹೋಗಿದ್ದ ಎಂದು ಹೇಳಿ ಹೋಗುತ್ತಿದ್ದವರು ಅವರೇ. ಅವರು ಕೂರು ಎನ್ನಲಿಲ್ಲ. ವಾಣಿಶ್ರೀ ನಿಂತೇ, ತಪ್ಪು ತನ್ನದು ಎಂದು ಹೇಳಿದಳು. ಹೇಳಿದ ಮೇಲೆ ಆ ಮಾತು ಎಷ್ಟು ಸಣ್ಣದಾಗಿ ಕೇಳಿತೆಂದರೆ, ಮತ್ತೊಮ್ಮೆ ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ಅಮ್ಜದ್ ಕೈಯಲ್ಲಿದ್ದ ತಂತಿಯ ಸುರುಳಿಯನ್ನು ಕೆಳಗಿಟ್ಟ. ಕೋಪಿಸಿಕೊಳ್ಳುತ್ತಾನೆ ಎಂದು ಅವಳು ತಯಾರಾಗಿ ಬಂದಿದ್ದಳು.

"ಒಂದು ಕೇಳಲಾ ಮೇಡಂ?" ಎಂದ. "ನಾನು ಜನ್ಮದಲ್ಲಿ ದೇವರಾಯಸಮುದ್ರದ ಕಟ್ಟೆಗೆ ಹೋದವನಲ್ಲ. ಆದ್ರೆ ಜೈಲಲ್ಲಿ ಎಲ್ರೂ ನೀನೇ ನೀನೇ ಅಂತಿದ್ರಲ್ಲ, ಮೂರು ನಾಕು ತಿಂಗಳಾದ ಮೇಲೆ ನಂಗೆ ಆ ಕಟ್ಟೆ ಕಾಣಕ್ಕೆ ಶುರುವಾಯ್ತು. ಆ ಯಮ್ಮ ಬೀಳೋದು ಕಾಣುತ್ತೆ. ನನ್ನ ಕೈ ಕಾಣುತ್ತೆ. ನಾನು ಮಾಡಿಲ್ಲ ಅಂತ ನಂಗೆ ಗೊತ್ತು. ಕೋರ್ಟೂ ಹೇಳ್ತು. ಆದ್ರೂ ಕಾಣುತ್ತೆ. ಇದು ಹೋಗುತ್ತಾ?"

ನೆನಪನ್ನು ಮೇಲೆ ತರುವುದು ಹೇಗೆಂದು ಅವಳು ಕಲಿತು ಬಂದಿದ್ದಳು. ನಡೆಯದೆ ಇದ್ದದ್ದರ ನೆನಪನ್ನು ಒಬ್ಬನ ತಲೆಯಿಂದ ತೆಗೆಯುವುದು ಹೇಗೆಂದು ಅಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಗೊತ್ತಿಲ್ಲ ಎಂದಳು. ಗೊತ್ತಿರುವವರೊಬ್ಬರು ಇದ್ದಾರೆ, ಕೇಳಿ ಹೇಳುತ್ತೇನೆ ಎಂದು ಸೇರಿಸಿದಳು.

ಶರೀಫುನ್ನೀಸಾ ಎದ್ದು ಮಗನ ಹತ್ತಿರ ಹೋಗಿ, ಸಾಕು ಬಿಡು ಬೇಟಾ, ಗಿರಾಕಿ ಮೋಟಾರಿಗೆ ಬರುತ್ತಾರೆ, ಕೆಲಸ ನೋಡು ಎಂದರು. ಅಮ್ಜದ್ ತಲೆಯಾಡಿಸಿ ಮತ್ತೆ ತಂತಿ ಎತ್ತಿಕೊಂಡ. ವಾಣಿಶ್ರೀ ಬೀದಿಗೆ ಇಳಿದಳು. ಬಸ್ ಸ್ಟ್ಯಾಂಡಿನವರೆಗೆ ನಡೆಯುತ್ತಲೇ ಅನಿತ ಅವರಿಗೆ ಫೋನು ಮಾಡಿದಳು. ಅವರು ಎತ್ತಿದಾಗ ಎಲ್ಲಿಂದ ಶುರು ಮಾಡಬೇಕೆಂದು ತೋಚದೆ, ಆಸ್ಪತ್ರೆಯ ವರಾಂಡದಿಂದ ಶುರು ಮಾಡಿದಳು.